ಕಾಲೇಜು ಕ್ರೀಡಾಪಟುವೂ ಉದ್ದೀಪನ ಮದ್ದಿನ ಪರೀಕ್ಷೆಯೂ: ಕೊಡಗಿನ ನಿದರ್ಶನದಿಂದ ಒಂದು ಚಾರಿತ್ರಿಕ ವಿವೇಚನೆ

ಕೊಡಗಿನ ಗೋಣಿಕೊಪ್ಪಲಿನಲ್ಲಿ 1990ರಲ್ಲಿ ಜನಿಸಿ, ಮಂಗಳೂರಿನಲ್ಲಿ ಬೆಳೆದು, 400 ಮೀಟರ್ ಓಟದಲ್ಲಿ ಭಾರತವನ್ನು ಒಂದು ದಶಕಕ್ಕೂ ಮೀರಿ ಪ್ರತಿನಿಧಿಸಿದ ಎಂ. ಆರ್. ಪೂವಮ್ಮ ಅವರ ಕ್ರೀಡಾಜೀವನದ ದಾಖಲೆಯಲ್ಲಿ ಎರಡು ತೀರ್ಮಾನಗಳು ಒಂದರ ಪಕ್ಕದಲ್ಲೊಂದು ನಿಂತಿವೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಮಿಶ್ರ ರಿಲೇ ಓಟದಲ್ಲಿ ಅವರಿದ್ದ ತಂಡಕ್ಕೆ ಬೆಳ್ಳಿಯ ಪದಕ ದೊರೆತಿತ್ತು. ಗೆದ್ದ ಬಹ್ರೇನ್ ತಂಡದ ಕೆಮಿ ಅಡೆಕೋಯ ಅವರು ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ನಾಲ್ಕು ವರ್ಷದ ನಿಷೇಧಕ್ಕೆ ಒಳಗಾದುದರಿಂದ, 2020ರ ಜುಲೈ ತಿಂಗಳಲ್ಲಿ ಆ ಬೆಳ್ಳಿಯು ಚಿನ್ನವಾಯಿತು. ಅದಾದ ಏಳು ತಿಂಗಳಿಗೆ, 2021ರ ಫೆಬ್ರವರಿಯಲ್ಲಿ ಪಟಿಯಾಲದ ಕೂಟವೊಂದರಲ್ಲಿ ಪೂವಮ್ಮ ಅವರಿಂದಲೇ ಪಡೆದ ಮಾದರಿಯಲ್ಲಿ ಮಿಥೈಲ್‌ಹೆಕ್ಸೇನಮೈನ್ ಎಂಬ ನಿಷಿದ್ಧ ವಸ್ತುವು ಕಂಡುಬಂದಿತು. ಮೊದಲ ಶಿಸ್ತು ಮಂಡಲಿಯು 2022ರ ಜೂನ್‌ನಲ್ಲಿ ಮೂರು ತಿಂಗಳ ನಿಷೇಧವನ್ನು ವಿಧಿಸಿತು. ಮೇಲ್ಮನವಿಯ ಮಂಡಲಿಯು ಅದೇ ಸೆಪ್ಟೆಂಬರ್‌ನಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಒಂದೇ ಪರೀಕ್ಷಾವ್ಯವಸ್ಥೆಯಿಂದ ಒಬ್ಬರೇ ಓಟಗಾರ್ತಿ ಪದಕವನ್ನೂ ಪಡೆದು ಎರಡು ವರ್ಷಗಳನ್ನೂ ಕಳೆದುಕೊಂಡರು.

ಈ ಎರಡು ತೀರ್ಮಾನಗಳಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ ಎಂದು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶವಲ್ಲ. ಎರಡೂ ನಿಯಮಾನುಸಾರವಾಗಿಯೇ ನಡೆದವು. ವಿಚಾರಿಸಬೇಕಾದುದು ಆ ನಿಯಮದ ಚರಿತ್ರೆ. ಇದನ್ನು ಮಾಡಿದವರು ಯಾರು, ಯಾರಿಗಾಗಿ ಮಾಡಿದರು, ಮತ್ತು ಅದು ನಮ್ಮ ಕಾಲೇಜುಗಳ ಆಟದ ಮೈದಾನದವರೆಗೆ ಯಾವ ದಾರಿಯಿಂದ ಇಳಿದು ಬಂದಿತು? ಅಮೆರಿಕದ ಕಾಲೇಜುಗಳು ಈ ನಿಯಮವನ್ನು ತಾವೇ ಕೂಡಿ ಮಾಡಿಕೊಂಡವು. ಮಾಡಿಕೊಂಡ ಮೇಲೆ ಅದಕ್ಕಾಗಿ ನ್ಯಾಯಾಲಯಗಳಲ್ಲಿ ವರ್ಷಗಟ್ಟಲೆ ಉತ್ತರ ಹೇಳಿದವು. ನಮ್ಮಲ್ಲಿ ಅದು ಅಂತಾರಾಷ್ಟ್ರೀಯ ಒಪ್ಪಂದದಿಂದ ಕೇಂದ್ರ ಸರ್ಕಾರಕ್ಕೂ, ಅಲ್ಲಿಂದ ಕ್ರೀಡಾಂಗಣಕ್ಕೂ ಬಂದಿತು. ಕಾಲೇಜು ನಡುವೆ ಎಲ್ಲಿಯೂ ಮಾತನಾಡಲಿಲ್ಲ. ಈ ವ್ಯತ್ಯಾಸದ ಫಲವನ್ನು ಉಣ್ಣುತ್ತಿರುವವನು ವಿದ್ಯಾರ್ಥಿ ಎಂಬುದೇ ನಮ್ಮ ವಾದ.

ಮೊದಲಿಗೆ ಹೊರಗಿನ ಸಂಗತಿಗಳನ್ನು ಸಂಗ್ರಹವಾಗಿ ನೋಡೋಣ. ಅಂತಾರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು 1928ರಷ್ಟು ಹಿಂದೆಯೇ ಉತ್ತೇಜಕ ದ್ರವ್ಯಗಳ ಸೇವನೆಯನ್ನು ನಿಷೇಧಿಸಿತ್ತು. ಆದರೆ ಪರೀಕ್ಷಿಸುವ ಉಪಾಯವಿಲ್ಲದೆ ಆ ನಿಷೇಧವು ಬರೆಹದಲ್ಲಿಯೇ ಉಳಿಯಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಡೆನ್ಮಾರ್ಕಿನ ಸೈಕಲ್ ಸವಾರ ಕ್ನುಡ್ ಎನೆಮಾರ್ಕ್ ಜೆನ್ಸನ್ ಕುಸಿದು ಮಡಿದುದೂ, 1967ರ ಫ್ರಾನ್ಸಿನ ಸೈಕಲ್ ಪಂದ್ಯದಲ್ಲಿ ಇಂಗ್ಲೆಂಡಿನ ಟಾಮ್ ಸಿಂಪ್ಸನ್ ಬೆಟ್ಟದ ಏರಿನಲ್ಲಿ ಪ್ರಾಣ ಬಿಟ್ಟುದೂ ಲೋಕದ ಕಣ್ಣನ್ನು ತೆರೆಸಿದವು. 1967ರಲ್ಲಿ ಒಲಿಂಪಿಕ್ ಸಮಿತಿಯು ವೈದ್ಯಕೀಯ ಆಯೋಗವನ್ನು ರಚಿಸಿತು. 1968ರ ಗ್ರೆನೋಬಲ್ ಮತ್ತು ಮೆಕ್ಸಿಕೋ ಕೂಟಗಳಲ್ಲಿ ಪರೀಕ್ಷೆಗಳು ಮೊದಲಾದವು. ಆ ವರ್ಷ ಮೆಕ್ಸಿಕೋದಲ್ಲಿ ಸಿಕ್ಕಿಬಿದ್ದವನು ಸ್ವೀಡನ್ನಿನ ಲಿಲ್ಯೆನ್‌ವಾಲ್ ಎಂಬ ಆಧುನಿಕ ಪೆಂಟಾಥ್ಲಾನ್ ಪಟು. ಅವನ ಅಪರಾಧ ಪಿಸ್ತೂಲು ಹಾರಿಸುವ ಮುನ್ನ ಕೈ ನಡುಗದಿರಲೆಂದು ಬಿಯರ್ ಕುಡಿದದ್ದು. ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ನಮ್ಮ ಊರುಗಳಲ್ಲಿ ಈ ಕಥೆಯನ್ನು ಹೇಳಿದರೆ ಹಿರಿಯರು ನಗುವುದುಂಟು. ಆದರೆ ಲಿಲ್ಯೆನ್‌ವಾಲ್‌ನೊಡನೆ ಅವನ ತಂಡದವರೆಲ್ಲರೂ ತಮ್ಮ ಕಂಚಿನ ಪದಕವನ್ನು ಹಿಂದಿರುಗಿಸಬೇಕಾಯಿತು. ಒಬ್ಬನ ದೇಹದಲ್ಲಿ ಕಂಡ ವಸ್ತುವಿಗೆ ತಂಡವೇ ತಲೆಕೊಡಬೇಕೆಂಬ ನ್ಯಾಯವು ಅಂದಿನಿಂದಲೇ ನಡೆದುಬಂದಿದೆ. ಐವತ್ತು ವರ್ಷದ ಮೇಲೆ ಜಕಾರ್ತಾದ ಬೆಳ್ಳಿಯನ್ನು ಚಿನ್ನವಾಗಿಸಿದ್ದೂ ಇದೇ ನ್ಯಾಯ.

ಇನ್ನು ಅಮೆರಿಕದ ಕಾಲೇಜುಗಳ ಸಂಗತಿ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ವಿದ್ಯಾರ್ಥಿ ಕ್ರೀಡಾಪಟುವಿನ ಪರೀಕ್ಷೆಯ ಪ್ರಶ್ನೆಯು ಬಿಚ್ಚಿ ಚರ್ಚೆಗೆ ಬಂದುದು ಅಲ್ಲಿಯೇ. ಅಲ್ಲಿನ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಘವು, ಅಂದರೆ ಎನ್‌ಸಿಎಎ, ಸದಸ್ಯ ಕಾಲೇಜುಗಳ 1986ರ ಜನವರಿಯ ಅಧಿವೇಶನದಲ್ಲಿ ಪರೀಕ್ಷೆಯ ಯೋಜನೆಯನ್ನು ಅಂಗೀಕರಿಸಿತು. ಆ ವರ್ಷದ ಶರತ್ಕಾಲದಿಂದಲೇ ಅಂತಿಮ ಪಂದ್ಯಗಳಲ್ಲಿ ಮಾದರಿಗಳನ್ನು ಪಡೆಯಲಾಯಿತು. ಆಡಲಿಚ್ಛಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ವರ್ಷಕ್ಕೊಮ್ಮೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಬೇಕು, ಹಾಕದವನು ಆಡುವಂತಿಲ್ಲ. ಮೈಸೂರಿನಲ್ಲಿ ಜನಿಸಿ ಅಮೆರಿಕದಲ್ಲಿ ಬೆಳೆದ ನಮ್ಮ ವಿಕಾಸ್ ಗೌಡ ಅವರು ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿ 2006ರಲ್ಲಿ ಈ ಸಂಘದ ಡಿಸ್ಕಸ್ ಎಸೆತದ ಚಾಂಪಿಯನ್ ಆದುದು ಇದೇ ವ್ಯವಸ್ಥೆಯೊಳಗೆ.

ಯೋಜನೆಯು ಜಾರಿಗೆ ಬಂದ ಮರುವರ್ಷವೇ ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನೀರಿಗೆ ಧುಮುಕುವ ಕ್ರೀಡೆಯ ವಿದ್ಯಾರ್ಥಿನಿಯೊಬ್ಬರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಇನ್ನೊಬ್ಬರ ಕಣ್ಣೆದುರು ಮೂತ್ರದ ಮಾದರಿಯನ್ನು ಕೊಡಬೇಕೆಂಬ ಷರತ್ತೂ, ತಾನು ಸೇವಿಸುವ ಔಷಧಿಗಳನ್ನೆಲ್ಲ ಹೇಳಬೇಕೆಂಬ ಷರತ್ತೂ ತನ್ನ ಖಾಸಗಿತನಕ್ಕೆ ಭಂಗವೆಂಬುದು ಅವರ ವಾದ. ಅವರ ಓದು ಮುಗಿದ ಮೇಲೆ ಬೇರೆ ಇಬ್ಬರು ವಿದ್ಯಾರ್ಥಿಗಳು ಮೊಕದ್ದಮೆಯನ್ನು ಮುಂದುವರಿಸಿದರು. ಇಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ವಿಶ್ವವಿದ್ಯಾಲಯವೇ ತನ್ನ ವಿದ್ಯಾರ್ಥಿಗಳ ಪಕ್ಷವನ್ನು ವಹಿಸಿ ಮೊಕದ್ದಮೆಯಲ್ಲಿ ಸೇರಿಕೊಂಡದ್ದು. ಕೆಳಗಿನ ನ್ಯಾಯಾಲಯವು ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳ ಪರೀಕ್ಷೆಯನ್ನು ತಡೆಯಿತು. ಕೊನೆಗೆ 1994ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯವು ಸಂಘದ ಪರವಾಗಿ ತೀರ್ಪಿತ್ತಿತು. ದೇಹವನ್ನು ತರಬೇತಿದಾರರ, ವೈದ್ಯರ ದೃಷ್ಟಿಗೆ ಒಪ್ಪಿಸಿ ಆಡುವ ಕ್ರೀಡಾಪಟುವಿಗೆ ಖಾಸಗಿತನದ ನಿರೀಕ್ಷೆಯು ಇತರರಿಗಿಂತ ಕಡಿಮೆಯೆಂದು ಅದು ಭಾವಿಸಿತು. ಇದಕ್ಕೆ ಒಂದು ವರ್ಷ ಮೊದಲು ಕೊಲೊರಾಡೊ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ತದ್ವಿರುದ್ಧವಾದ ನಿರ್ಣಯಕ್ಕೆ ಬಂದಿತ್ತು. ಅಲ್ಲಿ ಸರ್ಕಾರಿ ವಿಶ್ವವಿದ್ಯಾಲಯವೊಂದು ತಾನೇ ನಡೆಸುತ್ತಿದ್ದ ಪರೀಕ್ಷೆಯನ್ನು ಅದು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಸಹಿ ಹಾಕದಿದ್ದರೆ ಆಟವಿಲ್ಲ, ಆಟವಿಲ್ಲದಿದ್ದರೆ ಎಷ್ಟೋ ಮಂದಿಗೆ ವಿದ್ಯಾರ್ಥಿವೇತನವೂ ಸಂದೇಹ. ಹೀಗಿರುವಾಗ ಆ ಸಹಿಯು ಸ್ವಇಚ್ಛೆಯ ಒಪ್ಪಿಗೆ ಹೇಗಾದೀತು ಎಂಬುದೇ ಅಲ್ಲಿನ ವ್ಯಾಜ್ಯದ ತಿರುಳು.

ಈ ಎರಡು ತೀರ್ಪುಗಳಲ್ಲಿ ನಮಗೆ ಕ್ಯಾಲಿಫೋರ್ನಿಯದ್ದು ಕಾರ್ಯಸಾಧ್ಯವಾಗಿಯೂ ಕೊಲೊರಾಡೊದ್ದು ಸತ್ಯಕ್ಕೆ ಸಮೀಪವಾಗಿಯೂ ತೋರುತ್ತದೆ. ಅದೇನೇ ಇರಲಿ, ವಾದಿಯೂ ಪ್ರತಿವಾದಿಯೂ ಕಾಲೇಜಿನ ಲೋಕದವರೇ ಆಗಿದ್ದರೆಂಬುದು ಮುಖ್ಯ. ನಿಯಮವನ್ನು ಮಾಡಿದವರು, ಅದಕ್ಕೆ ಒಳಗಾದವರು, ಅದನ್ನು ಪ್ರಶ್ನಿಸಿದವರು, ಎಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. 2024ರಲ್ಲಿ ಈ ಸಂಘವು ತನ್ನ ಪ್ರಥಮ ವಿಭಾಗದ ನಿಷಿದ್ಧ ಪಟ್ಟಿಯಿಂದ ಗಾಂಜಾವನ್ನು ತೆಗೆದುಹಾಕಿತು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದು ಸ್ಪರ್ಧಾಕಾಲಕ್ಕೆ ನಿಷಿದ್ಧವಾಗಿಯೇ ಇದ್ದಾಗಲೂ ಕಾಲೇಜುಗಳು ತಮ್ಮ ವಿವೇಚನೆಯಂತೆ ನಡೆದುಕೊಂಡವು. ವಿಶ್ವಸಂಸ್ಥೆ ಎಂದು ಇಲ್ಲಿ ನಾವು ಕರೆಯುತ್ತಿರುವುದು ವಿಶ್ವ ಉದ್ದೀಪನ ಮದ್ದು ತಡೆ ಘಟಕವನ್ನು, ಅಂದರೆ ವಾಡಾವನ್ನು.

ವಾಡಾ ಸ್ಥಾಪನೆಯಾದುದು 1999ರ ನವೆಂಬರ್‌ನಲ್ಲಿ. ಅದರ ಸಂಹಿತೆಯು 2003ರಲ್ಲಿ ಅಂಗೀಕೃತವಾಗಿ 2004ರಲ್ಲಿ ಜಾರಿಗೆ ಬಂದಿತು. ಖಾಸಗಿ ಸಂಸ್ಥೆಯೊಂದರ ಸಂಹಿತೆಗೆ ಸರ್ಕಾರಗಳನ್ನು ಕಟ್ಟುವ ಬಗೆ ಹೇಗೆಂಬ ತೊಡಕನ್ನು ಯುನೆಸ್ಕೊದ 2005ರ ಒಡಂಬಡಿಕೆಯು ಬಗೆಹರಿಸಿತು. ಭಾರತವು 2007ರಲ್ಲಿ ಅದನ್ನು ಅನುಮೋದಿಸಿತು. ಅಷ್ಟರಲ್ಲಿ, 2005ರ ನವೆಂಬರ್‌ನಲ್ಲಿ, ಸಂಘಗಳ ಕಾಯಿದೆಯಡಿ ನೋಂದಾಯಿತವಾದ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕವು (ನಾಡಾ) ದೆಹಲಿಯಲ್ಲಿ ಹುಟ್ಟಿತ್ತು. ಅದು ಪರೀಕ್ಷಾಕಾರ್ಯಕ್ಕೆ ಕೈಹಾಕಿದ್ದು 2009ರಿಂದ. ದೆಹಲಿಯ ರಾಷ್ಟ್ರೀಯ ಪ್ರಯೋಗಶಾಲೆಗೆ ವಾಡಾದ ಮಾನ್ಯತೆ 2008ರಲ್ಲಿ ದೊರೆತು, 2019ರ ಆಗಸ್ಟ್‌ನಲ್ಲಿ ಅಮಾನತಾಗಿ, 2021ರ ಡಿಸೆಂಬರ್‌ನಲ್ಲಿ ಮರಳಿ ಬಂದಿತು. 2022ರ ಆಗಸ್ಟ್ 12ರಂದು ರಾಷ್ಟ್ರಪತಿಗಳ ಅಂಕಿತ ಬೀಳುವವರೆಗೂ ಈ ಇಡೀ ವ್ಯವಸ್ಥೆಗೆ ಸಂಸತ್ತಿನ ಕಾಯಿದೆಯೊಂದರ ಆಧಾರವೇ ಇರಲಿಲ್ಲ. ಪೂವಮ್ಮ ಅವರ ಪ್ರಕರಣದ ಮೊದಲ ತೀರ್ಪು ಕಾಯಿದೆಗೆ ಹಿಂದಿನದು, ಎರಡನೆಯದು ಮುಂದಿನದು ಎಂಬ ಕಾಕತಾಳೀಯವನ್ನು ಚರಿತ್ರೆಯ ವಿದ್ಯಾರ್ಥಿಯು ಗುರುತಿಸದಿರಲಾರ. 2025ರ ಆಗಸ್ಟ್‌ನಲ್ಲಿ ಸಂಸತ್ತು ಈ ಕಾಯಿದೆಗೆ ತಿದ್ದುಪಡಿಯನ್ನೂ ತಂದಿತು.

ಇಷ್ಟೆಲ್ಲ ನಡೆಯುತ್ತಿರುವಾಗ ವಿಶ್ವವಿದ್ಯಾಲಯಗಳು ಎಲ್ಲಿದ್ದವು? ಭಾರತದ ವಿಶ್ವವಿದ್ಯಾಲಯಗಳಿಗೆ ಕೂಡಿ ಕುಳಿತುಕೊಳ್ಳುವ ಒಂದು ವೇದಿಕೆ 1925ರಿಂದಲೇ ಇದೆ. ಆಗ ಅದರ ಹೆಸರು ಅಂತರ ವಿಶ್ವವಿದ್ಯಾಲಯ ಮಂಡಲಿ. 1973ರಿಂದ ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ದೇಶದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳೆಲ್ಲ ನಡೆಯುವುದು ಇದರ ಆಶ್ರಯದಲ್ಲಿ. ಎಂದಮೇಲೆ ಅಮೆರಿಕದ ಕಾಲೇಜುಗಳು 1986ರಲ್ಲಿ ಕುಳಿತಂಥ ಮೇಜು ನಮ್ಮಲ್ಲಿಯೂ ಇತ್ತು. ಆದರೆ ಮದ್ದು ಪರೀಕ್ಷೆಯ ನಿಯಮವು ಆ ಮೇಜಿನ ಮೇಲೆ ರೂಪುಗೊಂಡುದಲ್ಲ. ಕೊಡಗಿನ ಕಾಲೇಜುಗಳನ್ನೇ ತೆಗೆದುಕೊಳ್ಳಿ: 1956ರ ರಾಜ್ಯ ಪುನರ್ವಿಂಗಡಣೆಯ ಬಳಿಕ ಅವು ಮೈಸೂರು ವಿಶ್ವವಿದ್ಯಾಲಯಕ್ಕೂ, 1980ರಿಂದ ಮಂಗಳೂರು ವಿಶ್ವವಿದ್ಯಾಲಯಕ್ಕೂ ಸೇರಿದ್ದವು, ಇತ್ತೀಚೆಗೆ ಚಿಕ್ಕ ಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯವೆಂಬ ಹೆಸರೂ ಕೇಳಿಬಂದಿತು. ಪಠ್ಯಕ್ರಮ, ಪರೀಕ್ಷೆ, ಹಾಜರಾತಿ, ಕ್ರೀಡಾಕೂಟದ ಅರ್ಹತೆ, ಎಲ್ಲವೂ ಈ ವಿಶ್ವವಿದ್ಯಾಲಯಗಳ ಮೂಲಕವೇ ವಿದ್ಯಾರ್ಥಿಗೆ ತಲಪಿದವು. ಮದ್ದಿನ ನಿಯಮವೊಂದು ಮಾತ್ರ ಬೇರೆ ದಾರಿಯಿಂದ ಬಂದು ನೇರವಾಗಿ ಅವನ ಕೈಗೆ ಒಂದು ಸೀಸೆಯನ್ನು ಕೊಟ್ಟಿತು. ಬೆಂಗಳೂರಿನಲ್ಲಿ 2022ರ ಏಪ್ರಿಲ್-ಮೇ ತಿಂಗಳುಗಳಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಂಥ ಕೂಟಗಳು ನಾಡಾದ ಪರೀಕ್ಷೆಗೆ ಒಳಪಟ್ಟವು. ಅಲ್ಲಿ ಓಡುವ ದ್ವಿತೀಯ ಬಿ.ಎ. ವಿದ್ಯಾರ್ಥಿಗೂ ಒಲಿಂಪಿಕ್ಸಿಗೆ ಹೋಗುವವನಿಗೂ ಪಟ್ಟಿ ಒಂದೇ.

ಹಾಗೆಂದು ಪರೀಕ್ಷೆಯೇ ಬೇಡವೆಂದು ಯಾರೂ ಹೇಳಲಾರರು. 2023ರಲ್ಲಿ ಭಾರತದಲ್ಲಿ ಪಡೆದ 5,606 ಮಾದರಿಗಳಲ್ಲಿ 213 ನಿಷಿದ್ಧ ವಸ್ತುಗಳಿಂದ ಕೂಡಿದ್ದವೆಂದು ವಾಡಾದ ಅಂಕಿಗಳು ಹೇಳುತ್ತವೆ. ಅಂದರೆ ನೂರಕ್ಕೆ 3.8. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಕೂಟದ ಪುರುಷರ 100 ಮೀಟರ್ ಅಂತಿಮ ಓಟದಲ್ಲಿ, ಪರೀಕ್ಷಾಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿದಾಗ, ಒಬ್ಬನೇ ಒಬ್ಬ ಓಟಗಾರ ಗೆರೆಯ ಬಳಿ ಬಂದು ನಿಂತನು. ಕ್ರೀಡಾಂಗಣದ ಶೌಚಗೃಹದಲ್ಲಿ ಸಿರಿಂಜುಗಳು ಬಿದ್ದಿದ್ದವು. ಇದನ್ನು ಅರಿಯದ ಮುಗ್ಧತೆಯೆಂದು ಕರೆಯಲು ಸಾಧ್ಯವಿಲ್ಲ. ಆ ಒಬ್ಬ ಓಟಗಾರನ ಹಕ್ಕನ್ನು ಕಾಯುವುದಕ್ಕಾಗಿಯೇ ಪರೀಕ್ಷೆ ಇರುವುದು. ಪೂವಮ್ಮ ಅವರ ಚಿನ್ನವೂ ಅಂಥ ಹಕ್ಕೇ ಆಗಿತ್ತು.

ಆದರೆ ಎಲ್ಲ ಪ್ರಕರಣಗಳೂ ಶೌಚಗೃಹದ ಸಿರಿಂಜಿನ ಜಾತಿಯವಲ್ಲ. ಕರ್ನಾಟಕದವರಿಗೆ ಮರೆಯಲಾಗದ 2011ರ ಪ್ರಕರಣವನ್ನು ನೋಡಬಹುದು. ಕುಂದಾಪುರದ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರು 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇಯಲ್ಲಿಯೂ, ಅದೇ ವರ್ಷದ ಗ್ವಾಂಗ್‌ಜೌ ಏಷ್ಯನ್ ಕೂಟದ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಗಳಲ್ಲಿಯೂ ಚಿನ್ನ ಗೆದ್ದು ನಾಡಿನ ಮನೆಮಾತಾಗಿದ್ದರು. ಮರುವರ್ಷದ ಬೇಸಿಗೆಯಲ್ಲಿ ಅವರೂ ಮನ್‌ದೀಪ್ ಕೌರ್, ಸಿನಿ ಜೋಸ್, ಜೌನಾ ಮುರ್ಮು ಮೊದಲಾದ ಸಂಗಡಿಗರೂ ಸ್ಟೆರಾಯ್ಡ್ ಸೇವನೆಗಾಗಿ ಸಿಕ್ಕಿಬಿದ್ದರು. ಉಕ್ರೇನಿನ ತರಬೇತಿದಾರ ಯೂರಿ ಒಗೊರೊಡ್ನಿಕ್ ಚೀನಾದಿಂದ ತಂದುಕೊಟ್ಟ ಜಿನ್ಸೆಂಗ್ ಬೇರಿನ ಪೂರಕಾಹಾರದಿಂದ ಅದು ದೇಹವನ್ನು ಸೇರಿತೆಂಬುದು ಓಟಗಾರ್ತಿಯರ ಉತ್ತರ. ತರಬೇತಿದಾರನನ್ನು ಸರ್ಕಾರವು ಕೂಡಲೇ ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ನಾಡಾದ ಮಂಡಲಿಯು ಉತ್ತರವನ್ನು ಬಹುಮಟ್ಟಿಗೆ ನಂಬಿ ಒಂದು ವರ್ಷದ ನಿಷೇಧವನ್ನಷ್ಟೇ ವಿಧಿಸಿತು; ಅಂತಾರಾಷ್ಟ್ರೀಯ ಸಂಸ್ಥೆಯ ಮೇಲ್ಮನವಿಯ ಮೇರೆಗೆ ಲಾಸಾನ್ ನಗರದ ಕ್ರೀಡಾ ನ್ಯಾಯಮಂಡಲಿಯು 2012ರ ಜುಲೈನಲ್ಲಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ತರಬೇತಿದಾರ ಕೊಟ್ಟದ್ದನ್ನು ವಿಚಾರಿಸದೆ ಸೇವಿಸುವುದು ಚಿಕ್ಕ ತಪ್ಪಲ್ಲ ಎಂಬುದು ಆ ತೀರ್ಪಿನ ಸಾರ. ಸಂಹಿತೆಯ ಮೂಲತತ್ತ್ವವೇ ಅದು: ದೇಹದಲ್ಲಿ ವಸ್ತುವಿದ್ದರೆ ಹೊಣೆಯು ದೇಹದ ಒಡೆಯನದು, ಉದ್ದೇಶವಿತ್ತೇ ಇಲ್ಲವೇ ಎಂಬುದು ಶಿಕ್ಷೆಯ ಪ್ರಮಾಣಕ್ಕೆ ಸಂಬಂಧಿಸಿದ ಪ್ರಶ್ನೆ, ಅಪರಾಧಕ್ಕೆ ಸಂಬಂಧಿಸಿದುದಲ್ಲ.

ಇದೇ ತತ್ತ್ವವು ಗುರುಶಿಷ್ಯ ಸಂಬಂಧದ ಮೇಲೆ ನಿಂತ ನಮ್ಮ ಕ್ರೀಡಾಲೋಕಕ್ಕೆ ಒಗ್ಗದೆ ಹೋಗುವುದು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಹಳ್ಳಿಯಿಂದ ಕ್ರೀಡಾ ವಸತಿನಿಲಯಕ್ಕೆ ಬರುವ ಹುಡುಗ ಅಥವಾ ಹುಡುಗಿ ತರಬೇತಿದಾರರನ್ನು ‘ಸರ್’ ಎಂದು ಕರೆಯುವಾಗ ಆ ಒಂದು ಮಾತಿನಲ್ಲಿ ತಂದೆಯೂ ಮೇಷ್ಟರೂ ಸೇರಿರುತ್ತಾರೆ. ಸರ್ ಕೊಟ್ಟ ಪುಡಿಯ ಡಬ್ಬಿಯನ್ನು ತಿರುಗಿಸಿ ಅದರ ಹಿಂದಿನ ಸಣ್ಣಕ್ಷರವನ್ನು ಓದುವುದು ಅವಿಧೇಯತೆಯಾಗಿ ಕಾಣುತ್ತದೆ. ಸಂಹಿತೆಯು ಕೇಳುವುದಾದರೋ ಆ ಅವಿಧೇಯತೆಯನ್ನೇ. ಅದನ್ನು ಕಲಿಸುವ ಕೆಲಸ ಯಾರದು ಎಂಬುದನ್ನು ಮಾತ್ರ ನಮ್ಮಲ್ಲಿ ಯಾವ ಕಾಲೇಜಿನ ನಿಯಮಾವಳಿಯೂ ತನ್ನದಾಗಿಸಿಕೊಂಡಂತೆ ತೋರುವುದಿಲ್ಲ.

ಓದಿದರೂ ತಿಳಿಯುವುದು ಸುಲಭವಲ್ಲ ಎಂಬುದಕ್ಕೆ ಪೂವಮ್ಮ ಅವರ ಪ್ರಕರಣದ ಮಿಥೈಲ್‌ಹೆಕ್ಸೇನಮೈನ್ ವಸ್ತುವಿನ ಚರಿತ್ರೆಯೇ ನಿದರ್ಶನ. ಅಮೆರಿಕದ ಎಲಿ ಲಿಲಿ ಎಂಬ ಔಷಧ ಕಂಪನಿಯು 1940ರ ದಶಕದಲ್ಲಿ ಕಟ್ಟಿದ ಮೂಗನ್ನು ತೆರೆಯುವ ಮದ್ದಾಗಿ ಇದನ್ನು ಮಾರುಕಟ್ಟೆಗೆ ತಂದಿತು. 1980ರ ದಶಕದಲ್ಲಿ ಅದು ಔಷಧದ ಅಂಗಡಿಗಳಿಂದ ಮರೆಯಾಯಿತು. ಎರಡು ದಶಕದ ಮೇಲೆ ಅದೇ ವಸ್ತುವು ವ್ಯಾಯಾಮಶಾಲೆಗಳ ಪೂರಕಪುಡಿಗಳೊಳಗೆ ಹೊಸ ವೇಷದಲ್ಲಿ ಕಾಣಿಸಿಕೊಂಡಿತು. ಡಬ್ಬಿಯ ಮೇಲೆ ಅದಕ್ಕೆ ಜೆರೇನಿಯಂ ಹೂಗಿಡದ ಎಣ್ಣೆಯ ಸಾರವೆಂದು ಹೆಸರು. ವಾಡಾ ಅದನ್ನು ಪಟ್ಟಿಗೆ ಸೇರಿಸಿದುದು 2010ರಲ್ಲಿ. ಆ ವರ್ಷದ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಮಹಿಳೆಯರ 100 ಮೀಟರ್ ಓಟವನ್ನು ಗೆದ್ದ ನೈಜೀರಿಯದ ಒಸಯೇಮಿ ಅವರು ಚಿನ್ನವನ್ನು ಕಳೆದುಕೊಂಡುದು ಇದರಿಂದಲೇ. ಹೂವಿನ ಹೆಸರಿನಲ್ಲಿ ಬರುವ ರಾಸಾಯನಿಕವನ್ನು ಗುರುತಿಸಲು ವಾಣಿಜ್ಯ ಪದವಿಯ ವಿದ್ಯಾರ್ಥಿಯಿಂದ ನಿರೀಕ್ಷಿಸುವುದು ಎಷ್ಟು ನ್ಯಾಯವೆಂಬುದನ್ನು ಓದುಗರೇ ಊಹಿಸಬಹುದು. ಮಂಡಲಿಗಳಿಗೂ ಇದು ಸುಲಭವಾಗಿರಲಿಲ್ಲವೇನೋ. ಒಂದೇ ಸಂಗತಿಗೆ ಒಂದು ಮಂಡಲಿ ಮೂರು ತಿಂಗಳನ್ನೂ ಇನ್ನೊಂದು ಎರಡು ವರ್ಷವನ್ನೂ ತೂಗಿತು.

ಈಗ ಕೊಡಗಿಗೆ ಹಿಂದಿರುಗೋಣ. ಈ ಪುಟ್ಟ ಜಿಲ್ಲೆಯು ದೇಶದ ಕ್ರೀಡೆಗೆ ಕೊಟ್ಟ ಹೆಸರುಗಳನ್ನು ಇಲ್ಲಿ ಪಟ್ಟಿ ಮಾಡುವ ಅಗತ್ಯವಿಲ್ಲ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರ ಹಾಕಿಯಿಂದ ರೋಹನ್ ಬೋಪಣ್ಣ ಅವರ ಟೆನಿಸಿನವರೆಗೆ ಅದು ಎಲ್ಲರಿಗೂ ಗೊತ್ತಿರುವ ಮಾತು. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಮೊದಲುಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಆ ವರ್ಷ ಬಂದವು 60 ಕುಟುಂಬಗಳು. ಮುಂದೆ ಆ ಸಂಖ್ಯೆ ಮುನ್ನೂರನ್ನು ದಾಟಿತು. ಒಂದೇ ಮನೆತನದ ಜೆರ್ಸಿಯಲ್ಲಿ ಅಜ್ಜನೂ ಮೊಮ್ಮಗಳೂ ಇಳಿಯುವ ಆ ಮೈದಾನದಲ್ಲಿ ಮದ್ದಿನ ಪ್ರಶ್ನೆ ಏಳುವುದಿಲ್ಲ. ಅದು ಏಳುವುದು ಆ ಮೊಮ್ಮಗಳು ಕೂಡಿಗೆಯ ಕ್ರೀಡಾಶಾಲೆಗೋ ಪೊನ್ನಂಪೇಟೆಯ ಕ್ರೀಡಾ ವಸತಿನಿಲಯಕ್ಕೋ ಸೇರಿ, ಅಲ್ಲಿಂದ ಕಾಲೇಜಿಗೆ ಬಂದು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದಾಗ. ಸಂತೋಷಕ್ಕಾಗಿ ಆಡುತ್ತಿದ್ದ ಆಟವೇ ಕ್ರೀಡಾ ಮೀಸಲಾತಿ, ರೈಲ್ವೆ, ಪೊಲೀಸು, ಸೇನೆಯ ಕೆಲಸಗಳಿಗೆ ಮೆಟ್ಟಿಲಾಗುವುದೂ ಅಲ್ಲಿಂದಲೇ. ಒಂದು ಅಂತರ ವಿಶ್ವವಿದ್ಯಾಲಯ ಪದಕದ ಬೆಲೆಯನ್ನು ಆ ಮನೆಯವರು ಬಲ್ಲರು.

ಇಲ್ಲಿ ಮಳೆಗಾಲ ಜೂನ್‌ನಲ್ಲಿ ಹಿಡಿದರೆ ಬಿಡುವುದು ಸೆಪ್ಟೆಂಬರಿಗೆ. ಕಾಲೇಜುಗಳು ತೆರೆದು ತಂಡಗಳ ಅಭ್ಯಾಸ ಮೊದಲಾಗುವ ಕಾಲದಲ್ಲಿಯೇ ನೆಗಡಿ ಕೆಮ್ಮುಗಳ ಕಾಲವೂ ಬರುತ್ತದೆ. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಿಂದ ಕೆಮ್ಮಿನ ಸಿರಪ್ ತಂದು ಕುಡಿಯುವುದು ಮನೆಮನೆಯ ರೂಢಿ. ಭಾರತದಲ್ಲಿ ಮಾರುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಎಂಬ ವಸ್ತುವಿದೆ. ವಾಡಾದ ಪಟ್ಟಿಯಲ್ಲಿ ಅದು ಸ್ಪರ್ಧೆಯೊಳಗೂ ಹೊರಗೂ ಸದಾ ನಿಷಿದ್ಧ. ನೆಗಡಿಯ ಮಾತ್ರೆಗಳ ಸ್ಯೂಡೊಎಫೆಡ್ರಿನ್ ಒಂದು ಪ್ರಮಾಣವನ್ನು ಮೀರಿದರೆ ಸ್ಪರ್ಧಾಕಾಲಕ್ಕೆ ನಿಷಿದ್ಧ. ರೋಗಕ್ಕೆ ಔಷಧಿ ಬೇಕೇ ಬೇಕಾದವರಿಗೆ ಮುಂಚಿತವಾಗಿ ಅನುಮತಿ ಪಡೆಯುವ ಮಾರ್ಗವುಂಟು; ಆದರೆ ಅದು ಉಂಟೆಂದು ತಿಳಿದವನು ಮಾತ್ರ ಕೇಳಬಲ್ಲ. ಪಟ್ಟಿಯಾದರೋ ಪ್ರತಿ ಜನವರಿ ಒಂದರಂದು ಹೊಸತಾಗುತ್ತದೆ.

ಇದಕ್ಕಿಂತ ಕಡಿಮೆ ಜನ ಗಮನಿಸಿರುವ ಸಂಗತಿಯೊಂದು 2021ರ ಸಂಹಿತೆಯಲ್ಲಿದೆ. ಹದಿನಾರು ತುಂಬದವರನ್ನೂ, ಹದಿನೆಂಟು ತುಂಬದೆ ಅಂತಾರಾಷ್ಟ್ರೀಯ ಮುಕ್ತ ಸ್ಪರ್ಧೆಗಳಲ್ಲಿ ಇನ್ನೂ ಆಡದೆ, ಪರೀಕ್ಷೆಗೆಂದು ನೋಂದಾಯಿತರಾಗದೆ ಇರುವವರನ್ನೂ ಅದು ‘ರಕ್ಷಿತ ವ್ಯಕ್ತಿ’ಗಳೆಂದು ಕರೆಯುತ್ತದೆ. ಇಂಥವರು ತಮ್ಮ ತಪ್ಪು ದೊಡ್ಡದಲ್ಲವೆಂದು ವಾದಿಸುವಾಗ ವಸ್ತುವು ದೇಹಕ್ಕೆ ಹೇಗೆ ಬಂದಿತೆಂಬುದನ್ನು ರುಜುವಾತುಪಡಿಸಬೇಕಾಗಿಲ್ಲ. ವಾದ ನಿಂತರೆ ಶಿಕ್ಷೆಯು ಬರಿಯ ಛೀಮಾರಿಯಲ್ಲಿಯೇ ಮುಗಿಯಬಹುದು. ಹೆಸರನ್ನು ಪ್ರಕಟಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ನಮ್ಮ ರಾಜ್ಯದಲ್ಲಿ ಪಿ.ಯು. ತರಗತಿಗಳನ್ನೂ ನಾವು ಕಾಲೇಜು ಎಂದೇ ಕರೆಯುತ್ತೇವೆ. ಎಂದಮೇಲೆ ದ್ವಿತೀಯ ಪಿ.ಯು. ವಿದ್ಯಾರ್ಥಿನಿಗೆ ಇರುವ ರಕ್ಷಣೆಯು ಅದೇ ಆವರಣದಲ್ಲಿ, ಕೆಲವೊಮ್ಮೆ ಅದೇ ಕಟ್ಟಡದಲ್ಲಿ, ಪ್ರಥಮ ಪದವಿಯ ತರಗತಿಗೆ ಹೋಗುವಷ್ಟರಲ್ಲಿ ಒಂದು ಹುಟ್ಟುಹಬ್ಬದೊಡನೆ ಕಳಚಿಬೀಳುತ್ತದೆ. ಆಮೇಲೆ ಸಾಕ್ಷ್ಯ ಒದಗಿಸುವ ಹೊಣೆ ಅವಳದು. ಸಿರಪ್ಪಿನ ಖಾಲಿ ಸೀಸೆಯನ್ನು ಇಟ್ಟುಕೊಂಡಿದ್ದರೆ ಸರಿ, ಎಸೆದಿದ್ದರೆ ಕಷ್ಟ. ಸಂಹಿತೆಯ ಕರಡನ್ನು ಬರೆದವರು ಹದಿನೆಂಟರ ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕಿತ್ತು, ನಿಜ. ಆದರೆ ಆ ಗೆರೆಯು ನಮ್ಮ ಕಾಲೇಜುಗಳ ನಟ್ಟನಡುವೆ ಹಾದುಹೋಗುತ್ತದೆಂಬುದನ್ನು ಅರಿತಿರಬೇಕಾದವರು ನಾವು.

ಕೊಡಗಿನಿಂದಲೇ ಈ ವಿಷಯದಲ್ಲಿ ದನಿಯೆತ್ತಿದವರು ಇಲ್ಲದಿಲ್ಲ. ಪಿ. ಟಿ. ಉಷಾ ಅವರ ಸಮಕಾಲೀನರಾಗಿ ಓಡಿ, ಅವರನ್ನು ಸೋಲಿಸಿಯೂ ಇದ್ದ, 1988ರ ಅರ್ಜುನ ಪ್ರಶಸ್ತಿಯ ಅಶ್ವಿನಿ ನಾಚಪ್ಪ ಅವರು ಗೋಣಿಕೊಪ್ಪಲಿನ ಬಳಿ ಶಾಲೆಯನ್ನು ಕಟ್ಟಿದ್ದಲ್ಲದೆ, ಹಳೆಯ ಕ್ರೀಡಾಪಟುಗಳೊಡನೆ ಸೇರಿ ‘ಕ್ಲೀನ್ ಸ್ಪೋರ್ಟ್ಸ್ ಇಂಡಿಯಾ’ ಎಂಬ ಚಳವಳಿಯನ್ನು ನಡೆಸಿದರು. ಕ್ರೀಡಾಸಂಘಗಳ ಆಡಳಿತದ ಶುದ್ಧಿಯು ಅದರ ಮೊದಲ ಗುರಿ. ಮದ್ದಿನ ಹಾವಳಿಯನ್ನು ಆಡಳಿತದಿಂದ ಬೇರ್ಪಡಿಸಿ ನೋಡಲಾಗದೆಂಬ ಅದರ ನಿಲುವು ನಮಗೂ ಒಪ್ಪಿಗೆ. ಯಾವ ಸಂಘದ ಶಿಬಿರದಲ್ಲಿ ಯಾರು ಯಾರಿಗೆ ಏನನ್ನು ಕೊಟ್ಟರೆಂಬ ಪ್ರಶ್ನೆಯು ಕೊನೆಗೆ ಆಡಳಿತದ ಪ್ರಶ್ನೆಯೇ.

ಕಾಲೇಜಿನ ಮಟ್ಟದಲ್ಲಿ ಆ ಪ್ರಶ್ನೆಯು ದೈಹಿಕ ಶಿಕ್ಷಣ ನಿರ್ದೇಶಕರ ಕೊಠಡಿಗೆ ಬಂದು ನಿಲ್ಲುತ್ತದೆ. ಸಂಹಿತೆಯೂ 2022ರ ಕಾಯಿದೆಯೂ ತರಬೇತಿದಾರ, ವೈದ್ಯ, ತಂಡದ ವ್ಯವಸ್ಥಾಪಕ ಇವರೆಲ್ಲರನ್ನೂ ಕ್ರೀಡಾಪಟುವಿನ ಸಹಾಯಕ ಸಿಬ್ಬಂದಿ ಎಂದು ಗಣಿಸಿ ನಿಯಮಕ್ಕೆ ಒಳಪಡಿಸುತ್ತವೆ. ತಂಡದೊಡನೆ ವ್ಯವಸ್ಥಾಪಕರಾಗಿ ಹೊರಟ ಅಧ್ಯಾಪಕರೂ ಈ ವರ್ಗದಲ್ಲಿ ಬರುತ್ತಾರೆ. ರೈಲಿನಲ್ಲಿ ತಲೆನೋವೆಂದ ಹುಡುಗನಿಗೆ ತಮ್ಮ ಚೀಲದಿಂದ ಮಾತ್ರೆ ತೆಗೆದುಕೊಡುವ ಮೇಷ್ಟರು ಅದು ಯಾವ ಮಾತ್ರೆಯೆಂದು ತಿಳಿದಿರುವುದು ಇನ್ನು ಮೇಲೆ ಬರಿಯ ಸೌಜನ್ಯದ ವಿಷಯವಲ್ಲ.

ಪೂವಮ್ಮ ಅವರು ನಿಷೇಧದ ಅವಧಿಯನ್ನು ಮುಗಿಸಿ ಮರಳಿ ಓಡಿದರು. 2024ರ ಮೇ ತಿಂಗಳಲ್ಲಿ ಬಹಾಮಾಸಿನ ವಿಶ್ವ ರಿಲೇ ಕೂಟದಲ್ಲಿ ಅವರಿದ್ದ ತಂಡವು ಪ್ಯಾರಿಸ್ ಒಲಿಂಪಿಕ್ಸಿಗೆ ಅರ್ಹತೆ ಪಡೆಯಿತು. ಆಗಸ್ಟ್‌ನಲ್ಲಿ, ಮೂವತ್ತನಾಲ್ಕರ ವಯಸ್ಸಿನಲ್ಲಿ, ಅವರು ಅಲ್ಲಿ ಓಡಿದರು. ಅಷ್ಟು ತಾಳ್ಮೆಯೂ ಅಷ್ಟು ದೀರ್ಘವಾದ ಕ್ರೀಡಾಜೀವನವೂ ಎಲ್ಲರಿಗೆ ಇರುವುದಿಲ್ಲ. ಕಾಲೇಜಿನ ವಿದ್ಯಾರ್ಥಿಗೆ ಎರಡು ವರ್ಷವೆಂದರೆ ಪದವಿಯ ಬಹುಪಾಲು. ನಿಷೇಧ ತೀರುವಷ್ಟರಲ್ಲಿ ಅವನು ವಿಶ್ವವಿದ್ಯಾಲಯದ ತಂಡದಲ್ಲಿ ಇರುವ ವಯಸ್ಸನ್ನೇ ದಾಟುತ್ತಿರುತ್ತಾನೆ.

ಪರೀಕ್ಷೆಯ ಕ್ರಮವನ್ನು ಒಮ್ಮೆ ಹೇಳಿ ಮುಗಿಸುತ್ತೇವೆ. ಓಟ ಮುಗಿದ ಕೂಡಲೇ ಅಧಿಕಾರಿಯು ವಿದ್ಯಾರ್ಥಿಗೆ ತಿಳಿಸಿ, ಅವನನ್ನು ಕಣ್ಣಳತೆಯಲ್ಲಿಯೇ ಇಟ್ಟುಕೊಂಡು ಪರೀಕ್ಷಾಕೊಠಡಿಗೆ ಕರೆದೊಯ್ಯುತ್ತಾನೆ. ತಪ್ಪಿಸಿಕೊಂಡರೆ ಅದೇ ಅಪರಾಧ. ಜೊತೆಗೆ ಒಬ್ಬ ಪ್ರತಿನಿಧಿಯನ್ನು ಕರೆತರುವ ಹಕ್ಕು ಅವನಿಗಿದೆ. ಮುದ್ರೆಯೊಡೆಯದ ಪೆಟ್ಟಿಗೆಗಳಲ್ಲಿ ಒಂದನ್ನು ಅವನೇ ಆರಿಸಿಕೊಳ್ಳುತ್ತಾನೆ. ತನ್ನದೇ ಲಿಂಗದ ಸಾಕ್ಷಿಯ ಎದುರಿನಲ್ಲಿ ಕನಿಷ್ಠ 90 ಮಿಲಿಲೀಟರ್ ಮಾದರಿಯನ್ನು ಕೊಡುತ್ತಾನೆ. ಅದನ್ನು ‘ಎ’ ಮತ್ತು ‘ಬಿ’ ಎಂಬ ಎರಡು ಸೀಸೆಗಳಿಗೆ ತಾನೇ ಸುರಿದು ಮುಚ್ಚುತ್ತಾನೆ. ಅನಂತರ ಒಂದು ನಮೂನೆಯನ್ನು ತುಂಬಬೇಕು. ಹಿಂದಿನ ಏಳು ದಿನಗಳಲ್ಲಿ ಸೇವಿಸಿದ ಔಷಧಿಗಳನ್ನೂ ಪೂರಕಾಹಾರಗಳನ್ನೂ ಅದರಲ್ಲಿ ಹೆಸರು ಹೇಳಿ ಬರೆಯುವಂತೆ ಕೇಳಲಾಗಿದೆ. ಮಡಿಕೇರಿಯ ಅಂಗಡಿಯಿಂದ ತಂದ ಸಿರಪ್ಪಿಗೆ ಅವನ ಮನೆಯಲ್ಲಿ ಇರುವ ಹೆಸರು ಕೆಮ್ಮಿನ ಔಷಧಿ ಎಂಬುದೊಂದೇ.